ಶಬ್ದದ ತಡವೋ, ಕಂಪ್ಯೂಟರಿನ ತಡವೋ?

ಬೋಧನಾಭ್ಯಾಸಕ್ಕೆಂದು ಮುರುಗಮಲ್ಲದ ಸಮೀಪದ ಪ್ರೌಢಶಾಲೆಯೊಂದಕ್ಕೆ ಹೋಗಿದ್ದಾಗ 9ನೇ ತರಗತಿಯ ‘ಶಬ್ದ’ ಪಾಠ ನನ್ನ ಪಾಲಿಗೆ ಬಂತು. ಗಾಳಿಯಲ್ಲಿ ಶಬ್ದದ ವೇಗ 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ 344 ಮೀಟರ್ ಎಂದು ಕಪ್ಪುಹಲಗೆಯಲ್ಲಿ ಬರೆದುಬಿಡುವ ಬದಲು ಮಕ್ಕಳೇ ಅಳೆಯಲಿ ಎಂದುಕೊಂಡೆ.

ಯೋಜನೆ

ದರ್ಗಾಕ್ಕೆ ಬರುವ ವಾಹನಗಳ ಸದ್ದು ಕೇಳದ ಬಯಲೊಂದರಲ್ಲಿ ಟೇಪು ಹಿಡಿದು 100 ಮೀಟರ್ ಅಳೆದೆವು. ಆ ತುದಿಯಲ್ಲಿ ಒಬ್ಬ ಹುಡುಗ ಸ್ಟೀಲ್ ತಟ್ಟೆಯನ್ನು ತಲೆಯ ಮೇಲೆ ಎತ್ತಿ ಹಿಡಿದು ಕೋಲಿನಿಂದ ಹೊಡೆದ. ಈ ತುದಿಯಿಂದ ನಾನು ಮೊಬೈಲಿನಲ್ಲಿ ಚಿತ್ರೀಕರಿಸಿದೆ. ಸೆಕೆಂಡಿಗೆ 30 ಫ್ರೇಮ್ ಎಂದರೆ ಕೋಲು ಮುಟ್ಟಿದ ಚಿತ್ರಕ್ಕೂ ಶಬ್ದಕ್ಕೂ ನಡುವೆ ಸುಮಾರು 9 ಫ್ರೇಮ್ ಬರಬೇಕು.

ಎದುರಾದ ತೊಂದರೆ

ತರಗತಿಯಲ್ಲಿ ಶಾಟ್‌ಕಟ್ ತಂತ್ರಾಂಶದಲ್ಲಿ ವಿಡಿಯೊ ಹಾಕಿದಾಗ ಚಿತ್ರ ತಡವರಿಸಿ ನಿಂತು ನಿಂತು ಓಡಿತು, ಶಬ್ದ ಮಾತ್ರ ಮುಂದೆ ಹೋಯಿತು. ನಿಲ್ಲಿಸಿ ಎಣಿಸಿದರೆ ಒಮ್ಮೆ 5 ಫ್ರೇಮ್, ಇನ್ನೊಮ್ಮೆ 13. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು: “ಮಿಸ್, ಇದು ಶಬ್ದದ ತಡವೋ, ಕಂಪ್ಯೂಟರಿನ ತಡವೋ?”

ನನ್ನಲ್ಲಿ ಉತ್ತರವಿರಲಿಲ್ಲ. ವೀಕ್ಷಣೆಗೆ ಬಂದಿದ್ದ ಬೋಧಕರು ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದರು. “ಗೊತ್ತಿಲ್ಲ, ನೋಡಿ ಹೇಳುತ್ತೇನೆ” ಎಂದು ಒಪ್ಪಿಕೊಂಡೆ.

ಕಾರಣ ಹುಡುಕಿದ ಬಗೆ

ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು ಎಂದು ಮಕ್ಕಳಿಗೆ ಹೇಳುವ ನಿಯಮವನ್ನೇ ಪಾಲಿಸಿದೆ.

1. ಅದೇ ವಿಡಿಯೊ ಮೊಬೈಲಿನಲ್ಲಿ ಸರಾಗವಾಗಿ ಓಡಿತು. ಹಾಗಾದರೆ ಕಡತ ಕೆಟ್ಟಿಲ್ಲ.

2. ಪೆನ್‌ಡ್ರೈವ್‌ನಿಂದ ಓಡಿಸುತ್ತಿದ್ದುದನ್ನು ಕಂಪ್ಯೂಟರಿನ ಡಿಸ್ಕಿಗೆ ನಕಲಿಸಿದೆ. ಹೆಚ್ಚು ವ್ಯತ್ಯಾಸವಾಗಲಿಲ್ಲ.

3. ಟಾಸ್ಕ್ ಮ್ಯಾನೇಜರ್ ತೆರೆದಾಗ ಪ್ರೊಸೆಸರ್ ಶೇಕಡ 100ರಲ್ಲಿ ದುಡಿಯುತ್ತಿತ್ತು. ಮೊಬೈಲ್ 4ಕೆ ಗಾತ್ರದಲ್ಲಿ, ಎಚ್.265 ವಿಧಾನದಲ್ಲಿ ದಾಖಲಿಸಿತ್ತು. ಈ ವಿಧಾನದಲ್ಲಿ ಎಲ್ಲ ಫ್ರೇಮ್‌ಗಳೂ ಪೂರ್ತಿ ಚಿತ್ರಗಳಲ್ಲ. ಹೆಚ್ಚಿನವುಗಳಲ್ಲಿ ಅಕ್ಕಪಕ್ಕದ ಫ್ರೇಮ್‌ಗಳಿಗಿಂತ ಏನು ಬದಲಾಯಿತು ಎಂಬುದಷ್ಟೇ ಇರುತ್ತದೆ. ಅದನ್ನು ಬಿಡಿಸಲು ಹೊಸ ಯಂತ್ರಗಳಲ್ಲಿ ಪ್ರತ್ಯೇಕ ಸರ್ಕ್ಯೂಟ್ ಇರುತ್ತದೆ. ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಆ ಕೆಲಸವೂ ಪ್ರೊಸೆಸರ್ ಹೆಗಲಿಗೇ ಬಿದ್ದಿತ್ತು.

4. ಶಾಟ್‌ಕಟ್‌ನಲ್ಲಿ ಪ್ರಿವ್ಯೂ ಗಾತ್ರವನ್ನು 360ಪಿಗೆ ಇಳಿಸಿ, ಪ್ರಾಕ್ಸಿ ಎಂಬ ಹಗುರ ನಕಲನ್ನು ಬಳಸಿದೆ. ಚಿತ್ರ ಸರಾಗವಾಯಿತು. ಸಾಮಾನ್ಯ ಸಂಕಲನಕ್ಕೆ ಇಷ್ಟೇ ಸಾಕು.

ನಮಗೆ ಸಾಲದು. ಅನೇಕ ಮೊಬೈಲ್‌ಗಳಲ್ಲಿ ಫ್ರೇಮ್‌ಗಳ ನಡುವಿನ ಅಂತರ ಒಂದೇ ಸಮ ಇರುವುದಿಲ್ಲ. ಅಳತೆಪಟ್ಟಿಯ ಗೆರೆಗಳೇ ಹತ್ತಿರ ದೂರ ಇದ್ದಂತೆ! ಆದ್ದರಿಂದ ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ವಿಡಿಯೊವನ್ನು ಎಚ್.264, 720ಪಿ, ಸ್ಥಿರ 30 ಫ್ರೇಮ್‌ಗೆ ಪರಿವರ್ತಿಸಿದೆ. ಈಗ ಎಷ್ಟು ಸಲ ಎಣಿಸಿದರೂ 9.

ಮರುಪಾಠ

ಆದರೂ ಹುಡುಗಿಯ ಪ್ರಶ್ನೆ ಹಾಗೇ ಉಳಿದಿತ್ತು. ಆ ಒಂಬತ್ತರಲ್ಲಿ ಕಂಪ್ಯೂಟರಿನ ಪಾಲು ಇಲ್ಲವೆಂದು ಹೇಗೆ ನಂಬುವುದು? ಪ್ರಶ್ನೆಯನ್ನು ತರಗತಿಗೇ ಒಪ್ಪಿಸಿದೆ. ಮನೆಯಲ್ಲಿ ತೆಲುಗು, ಉರ್ದು ಮಾತಾಡುವ ಮಕ್ಕಳು ತಂತಮ್ಮಲ್ಲೇ ಗುಸುಗುಸು ಚರ್ಚಿಸಿದರು. ಕೊನೆಗೆ ಅವಳೇ ಹೇಳಿದಳು: “ಮೊಬೈಲಿನ ಪಕ್ಕದಲ್ಲೇ ಹೊಡೆದು ನೋಡೋಣ ಮಿಸ್. ಆಗಲೂ ತಡವಾದರೆ ಕಂಪ್ಯೂಟರಿನದೇ.”

ಮತ್ತೆ ಬಯಲಿಗೆ ಹೋದೆವು. ಒಂದೇ ವಿಡಿಯೊದಲ್ಲಿ ಮೊದಲು ಪಕ್ಕದಲ್ಲಿ, ಆಮೇಲೆ 100 ಮೀಟರ್ ದೂರದಲ್ಲಿ ಹೊಡೆದದ್ದಾಯಿತು. ಅದೇ ರೀತಿ ಪರಿವರ್ತಿಸಿ, ಬಾಣದ ಕೀಲಿ ಒತ್ತುತ್ತಾ ಒಂದೊಂದೇ ಫ್ರೇಮ್ ಸರಿಸಿದೆವು. ಪಕ್ಕದ ಹೊಡೆತದಲ್ಲಿ ಚಿತ್ರವೂ ಶಬ್ದವೂ ಒಂದೇ ಫ್ರೇಮಿನಲ್ಲಿ ಬಿದ್ದವು. ದೂರದ ಹೊಡೆತದಲ್ಲಿ 9 ಫ್ರೇಮ್, ಅಂದರೆ 0.3 ಸೆಕೆಂಡ್; ವೇಗ ಸೆಕೆಂಡಿಗೆ ಸುಮಾರು 333 ಮೀಟರ್. “ಪುಸ್ತಕದಲ್ಲಿ 344 ಇದೆಯಲ್ಲ?” ಎಂದರು. 8 ಫ್ರೇಮ್ ಆಗಿದ್ದರೆ 375, 10 ಆಗಿದ್ದರೆ 300 ಎಂದು ಅವರಿಂದಲೇ ಲೆಕ್ಕ ಹಾಕಿಸಿದೆ. ಒಂದು ಫ್ರೇಮಿಗಿಂತ ಸೂಕ್ಷ್ಮವಾಗಿ ಅಳೆಯಲು ನಮ್ಮ ಸಾಧನಕ್ಕೆ ಆಗದು ಎಂಬುದು ಅವರಿಗೆ ಹೊಳೆಯಿತು.

ಚಿಂತನ

ಪಾಠಯೋಜನೆಯಲ್ಲಿ ‘ಬೋಧನೋಪಕರಣ: ವಿಡಿಯೊ’ ಎಂದು ಬರೆಯುವ ಸಹಪಾಠಿಗಳಿಗೆ ನನ್ನದೊಂದು ಮಾತು. ಮೊಬೈಲಿನಲ್ಲಿ ಮೊದಲೇ 1080ಪಿ, ಎಚ್.264 ಆಯ್ದುಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ. ಪಾಠದ ಹಿಂದಿನ ದಿನವೇ ಆ ಶಾಲೆಯ ಕಂಪ್ಯೂಟರಿನಲ್ಲೇ ಓಡಿಸಿ ನೋಡಿ. ನಾನು ಹಾಗೆ ಮಾಡಿರಲಿಲ್ಲ. ಆದರೆ ನಿಯಂತ್ರಿತ ಪ್ರಯೋಗ ಎಂದರೇನೆಂದು ನಾನು ಮೂರು ಅವಧಿ ತೆಗೆದುಕೊಂಡು ವಿವರಿಸಿದ್ದರೂ ತಟ್ಟೆಯನ್ನು ಪಕ್ಕದಲ್ಲೇ ಹೊಡೆಯಬೇಕೆಂದು ಹೊಳೆದದ್ದು ನನಗಲ್ಲ, ಹಿಂದಿನ ಬೆಂಚಿನ ಆ ಹುಡುಗಿಗೆ.