ಒಂದೇ ಗಡ್ಡೆ ಓಟಕ್ಕೆ ಬಿದ್ದರೆ

ಪ್ರಶ್ನೆ: ತಂದೆಗೆ 67 ವರ್ಷ. ನಾಲ್ಕು ವರ್ಷದಿಂದ ಸಿಎಲ್‌ಎಲ್ ಎಂಬ ರಕ್ತದ ಕ್ಯಾನ್ಸರ್ ಇದೆ. ‘ಔಷಧ ಬೇಡ, ನೋಡುತ್ತಿರೋಣ’ ಎಂದಿದ್ದರು. ಈಗ ಮೂರೇ ವಾರದಲ್ಲಿ ಕುತ್ತಿಗೆಯ ಒಂದು ಗಡ್ಡೆ ಮಾತ್ರ ನಿಂಬೆಹಣ್ಣಿನಷ್ಟಾಗಿದೆ. ರಾತ್ರಿ ಬೆವರುತ್ತಾರೆ.
– ಓದುಗರು, ಶ್ರೀರಾಂಪುರ, ಹೊಸದುರ್ಗ ತಾಲ್ಲೂಕು

ಉತ್ತರ: ‘ಒಂದು ಗಡ್ಡೆ ಮಾತ್ರ’ ಎಂದಿರಲ್ಲ, ನನ್ನನ್ನು ತಡೆದು ನಿಲ್ಲಿಸಿದ್ದು ಅದೇ. ಸಿಎಲ್‌ಎಲ್ ತನ್ನ ಪಾಡಿಗೆ ಹೆಚ್ಚಿದರೆ ಸಾಮಾನ್ಯವಾಗಿ ಕುತ್ತಿಗೆ, ಕಂಕುಳು, ತೊಡೆಸಂದಿಯ ಗಡ್ಡೆಗಳೆಲ್ಲ ನಿಧಾನಕ್ಕೆ ಉಬ್ಬುತ್ತವೆ. ಒಂದೇ ಗಡ್ಡೆ ಓಟಕ್ಕೆ ಬಿದ್ದರೆ ರಿಕ್ಟರ್ ರೂಪಾಂತರದ ಅನುಮಾನ ಬರಬೇಕು. 1928ರಲ್ಲಿ ಇದನ್ನು ವರ್ಣಿಸಿದವರು ಮಾರಿಸ್ ರಿಕ್ಟರ್. ಭೂಕಂಪದ ಮಾಪಕದ ರಿಕ್ಟರ್ ಬೇರೆ. ಸಾಮಾನ್ಯವಾಗಿ ಹಳೆಯ ಸಿಎಲ್‌ಎಲ್ ಕಣಗಳಲ್ಲೇ ಕೆಲವು, ಟಿಪಿ53ರಂಥ ಕಾವಲು ಜೀನ್ ಕೆಟ್ಟು, ಲಗಾಮು ಹರಿದುಕೊಂಡು ವೇಗವಾಗಿ ಬೆಳೆಯುವ ಲಿಂಫೋಮಾ (ದುಗ್ಧಗ್ರಂಥಿಯ ಕ್ಯಾನ್ಸರ್) ಆಗುತ್ತವೆ. ಹೀಗಾಗುವುದು ಕೆಲವರಲ್ಲಿ ಮಾತ್ರ. ಊಟದಿಂದಲೋ ತೋಟದ ಕೆಲಸದಿಂದಲೋ ಆದದ್ದಲ್ಲ. ಮನೆಯಲ್ಲಿ ಯಾರನ್ನೂ ದೂರಬೇಡಿ.

ಆದರೆ ನಮ್ಮ ಕಡೆ ಟಿಬಿಯೂ ಹೀಗೇ ಗಡ್ಡೆ, ಬೆವರು ತರುತ್ತದೆ. ಸಿಎಲ್‌ಎಲ್ ಇದ್ದವರಿಗೆ ರೋಗನಿರೋಧಕ ಶಕ್ತಿಯೂ ಕಡಿಮೆ. ಹಾಗೆಂದು ಅಂದಾಜಿನ ಮೇಲೆ ಟಿಬಿ ಮಾತ್ರೆ, ಸ್ಟೆರಾಯ್ಡ್ ಶುರುಮಾಡಿಸಬೇಡಿ. ಸ್ಟೆರಾಯ್ಡ್‌ಗೆ ಗಡ್ಡೆ ಕರಗಿ ಪರೀಕ್ಷೆಯೇ ದಾರಿ ತಪ್ಪಬಹುದು.

ಯಾವುದೆಂದು ತಿಳಿಯಲು ಮೊದಲು ರಕ್ತದಲ್ಲಿ ಎಲ್‌ಡಿಎಚ್ ಎಂಬ ಕಿಣ್ವದ ಪರೀಕ್ಷೆ, ಆಮೇಲೆ ಪೆಟ್ ಸ್ಕ್ಯಾನ್ ಮಾಡಿಸಿ. ಅದರಲ್ಲಿ ಹೆಚ್ಚು ಹೊಳೆಯುವ ಗಡ್ಡೆಯಿಂದಲೇ ಬಯಾಪ್ಸಿ ಆಗಬೇಕು. ಸೂಜಿ ಚುಚ್ಚಿ ಹನಿ ತೆಗೆದರೆ ಸಾಲದು. ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಸಂಸ್ಥೆಗೆ ಈ ವಾರವೇ ಹೊರಡಿ. ಹಳೆಯ ರಕ್ತದ ವರದಿಗಳು, ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್ ಒಂದೇ ಚೀಲದಲ್ಲಿರಲಿ.