ಕಣ್ಣಿಗೆ ಕಾಣದ ಅಡ್ಡಿ: ವಿರೂಪಾಪುರಗಡ್ಡೆಯ ಪಾಠ

ಯಶಸ್ಸಿಗೆ ಅಡ್ಡಿಯಾದುದೇನೆಂದು ವರ್ತಕರನ್ನು ಕೇಳಿದರೆ ಬಂಡವಾಳದ ಕೊರತೆ, ಕೆಲಸಗಾರರ ಅಭಾವ, ಪೈಪೋಟಿ ಎಂಬ ಉತ್ತರಗಳೇ ಮೊದಲು ಬರುತ್ತವೆ. ಇವೆಲ್ಲ ಕಣ್ಣಿಗೆ ಕಾಣುವಂಥವು. ಇವನ್ನು ದಾಟುವ ಛಲ ನಮ್ಮ ಭಾಗದ ಉದ್ಯಮಿಗಳಿಗೆ ಕಡಿಮೆಯೇನಲ್ಲ. ಕಾಣದ ಅಡ್ಡಿಯ ವಿಚಾರವೇ ಬೇರೆ. ಅದನ್ನರಿಯಲು ಗಂಗಾವತಿ ತಾಲ್ಲೂಕಿನ ವಿರೂಪಾಪುರಗಡ್ಡೆಯ ನಿದರ್ಶನವನ್ನು ಗಮನಿಸಬಹುದು.

ಹಂಪಿಯ ಎದುರಿಗೆ, ತುಂಗಭದ್ರೆಯ ಆಚೆಗಿರುವ ಈ ಗಡ್ಡೆಯಲ್ಲಿ ದೇಶವಿದೇಶಗಳ ಪ್ರವಾಸಿಗರಿಗಾಗಿ ವಸತಿಗೃಹಗಳು, ಉಪಾಹಾರ ಗೃಹಗಳು ತಲೆಯೆತ್ತಿದ್ದವು. ಜಲಾಶಯದಿಂದ ಹೆಚ್ಚಿನ ನೀರು ಬಿಟ್ಟೊಡನೆ ದೋಣಿ ಸಂಚಾರ ನಿಲ್ಲುತ್ತಿತ್ತು. ಆಗಸ್ಟ್ 2019ರ ನೆರೆಯಲ್ಲಿ ನೂರಾರು ಪ್ರವಾಸಿಗರನ್ನು ಅಲ್ಲಿಂದ ಪಾರುಮಾಡಬೇಕಾಯಿತು. ಇಂತಹ ತೊಂದರೆಗಳನ್ನೆಲ್ಲ ಸಹಿಸಿಕೊಂಡು ಅಲ್ಲಿನವರು ವ್ಯಾಪಾರ ನಡೆಸಿದರು.

ಆದರೆ ಹಂಪಿ 1986ರಲ್ಲಿಯೇ ವಿಶ್ವ ಪರಂಪರೆಯ ತಾಣವೆನಿಸಿತ್ತು. 1988ರಲ್ಲಿ ರಾಜ್ಯ ಸರಕಾರವು ಸಂರಕ್ಷಿತ ಪ್ರದೇಶದ ಅಧಿಸೂಚನೆ ಹೊರಡಿಸಿತು. ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರಕ್ಕಾಗಿ 2002ರ ಕಾಯಿದೆ ಬಂದಿತು. ಗಡ್ಡೆಯ ಕಟ್ಟಡಗಳಿಗೆ ಬೇಕಾದ ಅನುಮತಿ ಇರಲಿಲ್ಲ. ವ್ಯಾಜ್ಯ ವರ್ಷಗಟ್ಟಲೆ ನಡೆದು, 2015ರಲ್ಲಿ ಉಚ್ಚ ನ್ಯಾಯಾಲಯವು ತೆರವಿನ ಪರವಾಗಿ ನೀಡಿದ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯವು 11 ಫೆಬ್ರವರಿ 2020ರಂದು ಎತ್ತಿಹಿಡಿಯಿತು. ಮಾರ್ಚ್ ತಿಂಗಳಲ್ಲಿ ಕಟ್ಟಡಗಳು ನೆಲಸಮವಾದವು. ಕಟ್ಟಡ ಕಟ್ಟುವ ನಿರ್ಧಾರದಲ್ಲಿ ಯಾವ ಪಾಲೂ ಇಲ್ಲದ ಅಡುಗೆಯವರು, ದೋಣಿ ನಡೆಸುವವರು, ತರಕಾರಿ ಒದಗಿಸುವವರು ಸಹ ದುಡಿಮೆ ಕಳೆದುಕೊಂಡರೆಂಬುದು ಹೆಚ್ಚು ನೋವಿನ ಸಂಗತಿ.

ಇಂತಹ ಅಪಾಯಕ್ಕೆ ಬುದ್ಧಿವಂತ ವ್ಯಾಪಾರಿಯೂ ಕೈಹಾಕುವುದೇಕೆ? "ಪಕ್ಕದವರು ಕಟ್ಟಿದ್ದಾರೆ, ಅವರಿಗೇನೂ ಆಗಿಲ್ಲ" ಎಂಬ ಧೈರ್ಯವೇ ಮೊದಲ ಕಾರಣ. ತೆರಿಗೆ ರಸೀದಿ, ವಿದ್ಯುತ್ ಸಂಪರ್ಕಗಳನ್ನು ಅನುಮತಿಯೆಂದೇ ಬಗೆಯುವವರು ಅನೇಕರು. ತಡೆಯಾಜ್ಞೆ ಸಿಕ್ಕರಂತೂ ಗೆದ್ದೆವೆಂದೇ ಭಾವಿಸುತ್ತಾರೆ. ಅದು ಕಾಲಾವಕಾಶವೇ ಹೊರತು ಹಕ್ಕಲ್ಲ. ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಕೆಟ್ಟದ್ದು, ಈಗಾಗಲೇ ಹಾಕಿದ ಹಣವನ್ನು ಉಳಿಸಿಕೊಳ್ಳಲೆಂದು ಅದೇ ಜಾಗದ ಮೇಲೆ ಮತ್ತಷ್ಟು ಸುರಿಯುವ ಹಟ. ವ್ಯಾಜ್ಯದಲ್ಲಿರುವ ಜಾಗಕ್ಕೆ ಹೊಸ ಹಣ ಹಾಕದೆ, ಬೇರೆಡೆಗೆ ಸಾಗಿಸಬಹುದಾದ ಯಂತ್ರ, ಪೀಠೋಪಕರಣಗಳಿಗಷ್ಟೇ ವೆಚ್ಚ ಮಾಡುವುದು ಕ್ಷೇಮ.

ಕುಷ್ಟಗಿಯಲ್ಲಿ ಗೋದಾಮು, ಯಲಬುರ್ಗಾದಲ್ಲಿ ಎಣ್ಣೆ ಗಾಣ ಹಾಕುವವರಿಗೂ ಇದು ಅನ್ವಯಿಸುತ್ತದೆ. ಪಹಣಿ ಹಾಗೂ ಮ್ಯುಟೇಶನ್‌ನಲ್ಲಿ ಯಾರ ಹೆಸರಿದೆ, ಕೃಷಿ ಜಮೀನಾದರೆ 1964ರ ಭೂಕಂದಾಯ ಕಾಯಿದೆಯ 95ನೇ ಕಲಮಿನಂತೆ ಪರಿವರ್ತನೆಯಾಗಿದೆಯೇ, ಸರ್ವೆ ನಂಬರು ಸಂರಕ್ಷಿತ ಪ್ರದೇಶದೊಳಗೆ ಬರುವುದೇ ಎಂಬುದನ್ನು ಮುಂಗಡ ಕೊಡುವ ಮೊದಲೇ ನೋಡಬೇಕು. ಸಂಬಂಧಿಸಿದ ಕಚೇರಿಗೆ ಅರ್ಜಿ ಕೊಟ್ಟು ಉತ್ತರವನ್ನು ಬರಹದಲ್ಲಿಯೇ ಪಡೆಯಬೇಕು. ಬಾಡಿಗೆದಾರರಾದವರು ಮಾಲೀಕರಿಂದ ಅನುಮತಿಯ ಪ್ರತಿಯನ್ನು ಕೇಳಿ ಪಡೆದು, ಕಟ್ಟಡ ತೆರವಾದಲ್ಲಿ ಠೇವಣಿ ಎಷ್ಟು ದಿನಗಳೊಳಗೆ ಹಿಂದಿರುಗಬೇಕೆಂಬುದನ್ನು ಕರಾರಿನಲ್ಲಿ ಬರೆಸಿಕೊಳ್ಳತಕ್ಕದ್ದು.