ಕಿವಿಯ ಕೆಳಗಿನ ಗಂಟು ಕ್ಯಾನ್ಸರೇ?

ಪ್ರಶ್ನೆ: ನನ್ನ ತಾಯಿಗೆ 52 ವರ್ಷ. ಎಡಗಿವಿಯ ಕೆಳಗೆ ಹುಣಸೆಬೀಜದಷ್ಟಿದ್ದ ಗಂಟು ನಾಲ್ಕು ವರ್ಷದಲ್ಲಿ ನೆಲ್ಲಿಕಾಯಿ ಗಾತ್ರಕ್ಕೆ ಬಂದಿದೆ. ನೋವಿಲ್ಲ. ಜೊಲ್ಲುಗ್ರಂಥಿಯ ಗಡ್ಡೆ, ಸೂಜಿ ಪರೀಕ್ಷೆ ಮಾಡಿಸಿ ತೆಗೆಸಬೇಕು ಎಂದಿದ್ದಾರೆ. ನೋವಿಲ್ಲದ ಗಂಟಿಗೆ ಸೂಜಿ, ಕತ್ತರಿ ತಾಗಿಸಿದರೆ ಕ್ಯಾನ್ಸರ್ ಆಗುತ್ತದೆಂದು ಅಮ್ಮ ಹಟ ಹಿಡಿದಿದ್ದಾರೆ. ಏನು ಮಾಡಲಿ ಡಾಕ್ಟರೇ?
– ಹೆಸರು ಬೇಡ, ತಿಪಟೂರು

ಉತ್ತರ: ಕ್ಯಾನ್ಸರ್ ಅಲ್ಲದಿರುವ ಸಾಧ್ಯತೆಯೇ ಹೆಚ್ಚು. ಜೊಲ್ಲುಗ್ರಂಥಿಗಳ ವಿಷಯದಲ್ಲಿ ಒಂದು ವಿಚಿತ್ರವಿದೆ: ಗ್ರಂಥಿ ಚಿಕ್ಕದಾದಷ್ಟೂ ನಮ್ಮ ಅನುಮಾನ ದೊಡ್ಡದು. ಕಿವಿಯ ಬುಡದಲ್ಲಿರುವ ಪೆರೋಟಿಡ್ ಎಲ್ಲಕ್ಕಿಂತ ದೊಡ್ಡ ಗ್ರಂಥಿ. ಅಲ್ಲಿನ ಗಡ್ಡೆಗಳಲ್ಲಿ ಸುಮಾರು ಶೇ 20ರಿಂದ 25 ಮಾತ್ರ ಕ್ಯಾನ್ಸರ್. ದವಡೆಯ ಕೆಳಗಿನ ಗ್ರಂಥಿಯದಾದರೆ ಹೆಚ್ಚುಕಡಿಮೆ ಅರ್ಧಕ್ಕರ್ಧ. ನಾಲಿಗೆಯಡಿಯ ಗ್ರಂಥಿಯಲ್ಲಿ ಗಡ್ಡೆ ಏಳುವುದೇ ಅಪರೂಪ, ಎದ್ದರೆ ಬಹುಪಾಲು ಕ್ಯಾನ್ಸರೇ.

ನಿಧಾನವಾಗಿ, ನೋವಿಲ್ಲದೆ ಬೆಳೆದಿದೆ ಎಂದರೆ ಇದು ಪ್ಲಿಯೋಮಾರ್ಫಿಕ್ ಅಡಿನೋಮಾ ಇದ್ದೀತು. ಪೆರೋಟಿಡ್‌ನಲ್ಲಿ ನಾವು ಹೆಚ್ಚಾಗಿ ಕಾಣುವುದು ಅದನ್ನೇ. ಸಾದಾ ಗಡ್ಡೆ, ಆದರೆ ನಂಬಿ ಕೂರುವಂಥದ್ದಲ್ಲ: ಹತ್ತು ಹದಿನೈದು ವರ್ಷ ಹಾಗೇ ಬಿಟ್ಟರೆ ಕೆಲವರಲ್ಲಿ ಕ್ಯಾನ್ಸರ್ ಆಗಿ ತಿರುಗುತ್ತದೆ. ಸೂಜಿ ಚುಚ್ಚಿದ್ದರಿಂದ ಮಾತ್ರ ಯಾವ ಗಡ್ಡೆಯೂ ಕ್ಯಾನ್ಸರ್ ಆಗುವುದಿಲ್ಲ.

ಅಮ್ಮನ ಮಾತಿನಲ್ಲಿ ಒಂದು ಎಳೆ ನಿಜವಿದೆ, ತಳ್ಳಿಹಾಕಬೇಡಿ. ಗಂಟನ್ನಷ್ಟೇ ಕೆರೆದು ತೆಗೆದರೆ ಅದರ ತೆಳುವಾದ ಹೊದಿಕೆ ಒಡೆದು, ಉಳಿದ ಚೂರುಗಳಿಂದ ವರ್ಷಗಳ ನಂತರ ನಾಲ್ಕಾರು ಕಡೆ ಮತ್ತೆ ಗಂಟು ಏಳುತ್ತದೆ. ಎರಡನೇ ಆಪರೇಷನ್ ಮೊದಲಿನದಕ್ಕಿಂತ ಕಷ್ಟ. ಅದಕ್ಕೇ ಗಂಟಿನ ಸುತ್ತಲ ಗ್ರಂಥಿಯ ಭಾಗವನ್ನೂ ಸೇರಿಸಿ ತೆಗೆಯುತ್ತಾರೆ. ಮುಖವನ್ನು ಆಡಿಸುವ ನರ ಈ ಗ್ರಂಥಿಯ ನಡುವೆಯೇ ಹಾದುಹೋಗುತ್ತದೆ. ಅದನ್ನು ಬಿಡಿಸಿ ಉಳಿಸುವುದೇ ಇಲ್ಲಿನ ನಿಜವಾದ ಕೈಚಳಕ. ಆಪರೇಷನ್ ಆದಮೇಲೆ ಕೆಲವರಿಗೆ ಕೆಲವು ವಾರ, ತಿಂಗಳು ತುಟಿ ಸ್ವಲ್ಪ ಓರೆಯಾಗುವುದುಂಟು, ಸಾಮಾನ್ಯವಾಗಿ ಸರಿಹೋಗುತ್ತದೆ.

ಆಪರೇಷನ್‌ಗೆ ಮುಂಚೆಯೇ ಬಾಯಿ ಓರೆಯಾದರೆ, ಕಣ್ಣು ಮುಚ್ಚಲಾಗದಿದ್ದರೆ, ಗಂಟು ದಿಢೀರನೆ ಬೆಳೆದರೆ, ನೋವು ಶುರುವಾದರೆ, ಕುತ್ತಿಗೆಯಲ್ಲಿ ಇನ್ನೊಂದು ಗಂಟು ಸಿಕ್ಕರೆ ಒಂದು ದಿನವೂ ತಡಮಾಡಬೇಡಿ. ಇದ್ಯಾವುದೂ ಇಲ್ಲದಿದ್ದರೂ ಈ ತಿಂಗಳೊಳಗೆ ಸೂಜಿ ಪರೀಕ್ಷೆ, ಸ್ಕ್ಯಾನಿಂಗ್ ಮುಗಿಸಿ. ಪೆರೋಟಿಡ್ ಆಪರೇಷನ್ ಮಾಡಿ ಪಳಗಿದ ಇಎನ್‌ಟಿ ಅಥವಾ ಕ್ಯಾನ್ಸರ್ ಸರ್ಜನ್ ಬಳಿ ಅಮ್ಮನನ್ನೂ ಕರೆದೊಯ್ದು, ಅವರ ಭಯವನ್ನು ಅವರ ಬಾಯಿಂದಲೇ ಹೇಳಿಸಿ.